ನನ್ನ ತಲೆಯ ಮೇಲಿನ ಕೈಗಳು

ನಮ್ಮ ಮನೆಯಲ್ಲಿ ಹಣಿಗೆ ಮುರಿದರೆ ಏಟು ನನಗೆ ಬೀಳುತ್ತಿತ್ತು. ಮುರಿಯುತ್ತಿದ್ದವಳು ಅಜ್ಜಿ, ಆದರೆ ತಪ್ಪು ನನ್ನ ತಲೆಯದು. ಹಲ್ಲು ಉದುರಿದ ಹಣಿಗೆಯನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡುತ್ತಿದ್ದಳು, ಆಮೇಲೆ ಅದರ ಬೆನ್ನಿನಿಂದಲೇ ನನ್ನ ನೆತ್ತಿಗೆ ಬಿಡುತ್ತಿದ್ದಳು. ನಾನು ಅಳುತ್ತಿರಲಿಲ್ಲ. ಅತ್ತರೆ ಎರಡನೆಯದು ಬೀಳುತ್ತದೆ ಎನ್ನುವಷ್ಟು ಬುದ್ಧಿ ಐದನೆಯ ವಯಸ್ಸಿಗೇ ಬಂದಿತ್ತು. ಪಡಸಾಲೆಯ ಒಂದು ಪಕ್ಕಕ್ಕೆ ತಾತನ ಕಂಬಳಿ ಮಗ್ಗ, ಇನ್ನೊಂದು ಪಕ್ಕಕ್ಕೆ ಶೇಂಗಾ ಚೀಲಗಳು. ನಡುವಿನ ಕಲ್ಲಿನ ಮೆಟ್ಟಿಲ ಮೇಲೆ ಅಜ್ಜಿ ಕೂತು ನನ್ನನ್ನು ತನ್ನ ಎರಡೂ ಮೊಣಕಾಲುಗಳ ನಡುವೆ ಅದುಮಿಕೊಳ್ಳುತ್ತಿದ್ದಳು. ಒಣ ಕೂದಲಿಗೆ ಸಣ್ಣ ಹಲ್ಲಿನ ಹಣಿಗೆ ಹಾಕಿ, ಬುಡದಿಂದ ಹಿಡಿದು ಎಳೆಯುತ್ತಿದ್ದಳು. ನನ್ನ ಕುತ್ತಿಗೆ ಹಿಂದಕ್ಕೆ ಬಾಗಿ ಸೂರಿನ ಜಂತಿಗಳು ಕಾಣುತ್ತಿದ್ದವು. ಹದಿನಾಲ್ಕು ಜಂತಿಗಳಿದ್ದವು. ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ, ಆ ಮೆಟ್ಟಿಲ ಮೇಲೆ.

ಗಡಿಯಾಚೆ ತೆಲುಗು ನಾಡಿನ ಆಸ್ಪರಿಯಿಂದ ಒಂದು ತಾಸು ನಡೆದರೆ ನಮ್ಮೂರು. ಕುರಿ ಸಾಕುವ ಮನೆ ನಮ್ಮದು. ಅಂಗಳದ ಅರ್ಧ ಕುರಿಯ ದೊಡ್ಡಿ, ಉಳಿದ ಅರ್ಧದಲ್ಲಿ ನಾವು. ಆ ಮನೆಯಲ್ಲಿ ತಾತ, ಅಜ್ಜಿ, ಅವ್ವ, ಅವ್ವನ ತಮ್ಮ ಮಲ್ಲಪ್ಪ ಮಾವ, ಮತ್ತು ನಾನು. ಅಪ್ಪ ಇರಲಿಲ್ಲ. ಅವನು ತಾಂಜಾನಿಯಾದವನು, ಹೈದರಾಬಾದಿಗೆ ಓದಲು ಬಂದಿದ್ದ. ಅವ್ವ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಮದುವೆಯಾದರು, ನಾನು ಹುಟ್ಟಿದೆ, ನನಗೆ ನಾಲ್ಕು ತುಂಬುವುದರೊಳಗೆ ಅಪ್ಪ ಹೈದರಾಬಾದಿನ ಹೊರಗಿನ ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತ. ಅವ್ವ ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು. ಅವನ ಮುಖ ನನಗೆ ನೆನಪಿಲ್ಲ; ಫೋಟೋದಲ್ಲಿ ನೋಡಿದ್ದನ್ನೇ ನೆನಪು ಎಂದುಕೊಂಡಿರಬಹುದು. ನೆನಪಿರುವುದು ಒಂದು ಹಳದಿ ಡಬ್ಬಿ. ಅದರಲ್ಲಿ ಬೆಣ್ಣೆಯಂಥದ್ದು ಏನೋ ಇತ್ತು, ಅಪ್ಪ ಅದನ್ನು ಅಂಗೈಯಲ್ಲಿ ಕರಗಿಸಿ ನನ್ನ ತಲೆಗೆ ಸವರುತ್ತಿದ್ದನಂತೆ. ಡಬ್ಬಿ ಖಾಲಿಯಾದಾಗ ತನ್ನ ದೇಶದಿಂದ ಬರುವ ಸ್ನೇಹಿತರ ಕೈಲಿ ಇನ್ನೊಂದು ತರಿಸುತ್ತಿದ್ದನಂತೆ. ಅದರ ಹೆಸರೇನು ಎಂದು ಅವನಿದ್ದಾಗ ಅವ್ವ ಕೇಳಿರಲಿಲ್ಲ. ಗಂಡ ಇರುವಾಗ ಯಾವ ಹೆಂಡತಿ ಕೇಳುತ್ತಾಳೆ? ಈ ಒಂದು ವಿಷಯಕ್ಕೆ ಅವ್ವ ತನ್ನನ್ನು ತಾನು ಬೈದುಕೊಂಡಷ್ಟು ಬೇರೆ ಯಾವುದಕ್ಕೂ ಬೈದುಕೊಂಡಿಲ್ಲ.

ಅಪ್ಪ ಇಟ್ಟ ಹೆಸರು ನೀಮಾ. ಮನೆಯವರು ನೀಲಮ್ಮ ಎಂದು ತಿದ್ದಿಕೊಂಡರು, ಅದಕ್ಕೆ ನನ್ನ ತಕರಾರಿಲ್ಲ. ಮೈಬಣ್ಣಕ್ಕೂ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕುರಿ ಹಿಂದೆ ಬಿಸಿಲಲ್ಲಿ ತಿರುಗುವ ನಮ್ಮ ಊರಿನ ಮಕ್ಕಳೇನು ಹಾಲಿನಂತಿರಲಿಲ್ಲ. ಎಲ್ಲ ಜಗಳ ಕೂದಲಿನದು. ಅದು ಕೆಳಗೆ ಬೀಳದೆ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಎಣ್ಣೆ ಸುರಿದರೆ ಎಣ್ಣೆ ಕುಡಿದು ಮತ್ತೆ ನಿಲ್ಲುತ್ತಿತ್ತು. ಬಾವಿಗೆ ಬಂದ ಹೆಂಗಸರು ಕೊಡ ಇಳಿಸಿ ಒಂದು ಸಲ ಕೈ ಹಾಕಿ ಹಿಸುಕಿ ನೋಡುತ್ತಿದ್ದರು. ದನದ ಸಂತೆಯಲ್ಲಿಯೂ ಜನ ಹೀಗೇ ನೋಡುತ್ತಾರೆ. ಶಾಲೆಯ ಹುಡುಗರು ನನ್ನನ್ನು ಕಂಡರೆ 'ಬ್ಯಾ' ಎನ್ನುತ್ತಿದ್ದರು. ನಾನು ಕಲ್ಲು ಎಸೆಯುತ್ತಿದ್ದೆ, ಗುರಿ ಚೆನ್ನಾಗಿತ್ತು. ಒಬ್ಬನಿಗೆ ಹುಬ್ಬಿನ ಮೇಲೆ ಹೊಲಿಗೆ ಬಿತ್ತು, ಹಾಕಿದ್ದು ನಮ್ಮವ್ವನೇ.

ಅವ್ವ ದಿನಾ ಬೆಳಗ್ಗೆ ಆಸ್ಪರಿಗೆ ನಡೆದು, ಪ್ಯಾಸೆಂಜರ್ ಗಾಡಿ ಹತ್ತಿ ಆದೋನಿಗೆ ಹೋಗಿ, ಒಂದು ನರ್ಸಿಂಗ್ ಹೋಮಿನಲ್ಲಿ ದುಡಿದು ಸಂಜೆಗೆ ಬರುತ್ತಿದ್ದಳು. ಅವಳ ಚೀಲದಲ್ಲಿ ವಾರಕ್ಕೊಂದು ಹೊಸ ಬಾಟಲಿ ಇರುತ್ತಿತ್ತು. ಹಸಿರು ಶಾಂಪೂ, ಮೊಟ್ಟೆಯ ಶಾಂಪೂ, ದಾಸವಾಳದ ಎಣ್ಣೆ, ಭೃಂಗರಾಜದ ಎಣ್ಣೆ, ಚಿಕ್ಕಮಕ್ಕಳಿಗೆಂದೇ ಮಾಡಿದ ಗುಲಾಬಿ ಬಣ್ಣದ ಯಾವುದೋ ನೀರು. ಪ್ರತಿಯೊಂದರ ಮೇಲೂ ಸೊಂಟದವರೆಗೆ ನೇರ ಕೂದಲು ಬಿಟ್ಟ ಹೆಂಗಸಿನ ಚಿತ್ರ. ಅವ್ವ ಬಾಟಲಿ ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ನನ್ನಂಥವಳ ಚಿತ್ರ ಯಾವುದರ ಮೇಲೂ ಇರಲಿಲ್ಲ. ನೊರೆ ಹೆಚ್ಚು ಬಂದಷ್ಟೂ ಒಳ್ಳೆಯದು ಎಂದು ಅವಳ ಲೆಕ್ಕ. ನೊರೆ ಹೆಚ್ಚು ಬಂದಷ್ಟೂ ನನ್ನ ಕೂದಲು ಒಣಗಿ ಮುಳ್ಳಿನಂತಾಗುತ್ತಿತ್ತು. ಮರುದಿನ ಬೆಳಗ್ಗೆ ಅಜ್ಜಿಯ ಹಣಿಗೆ ಅದರೊಳಕ್ಕೆ ಇಳಿಯುತ್ತಿತ್ತು. ಹೀಗೆ ಅವ್ವನ ಪ್ರೀತಿ ಅಜ್ಜಿಯ ಕೈ ಸೇರುವಷ್ಟರಲ್ಲಿ ಹೊಡೆತವಾಗುತ್ತಿತ್ತು.

ಒಮ್ಮೆ ಆದೋನಿಯ ಒಂದು ಫ್ಯಾನ್ಸಿ ಅಂಗಡಿಗೆ ಅವ್ವ ನನ್ನನ್ನೇ ಕರೆದುಕೊಂಡು ಹೋದಳು, ತಲೆ ನೋಡಿಯೇ ಕೊಡಲಿ ಎಂದು. ಅಂಗಡಿಯವನು ನೋಡಿದ, ನಕ್ಕ, ಒಳಗಿನಿಂದ ಒಂದು ಡಬ್ಬಿ ತಂದಿಟ್ಟು ತೆಲುಗಿನಲ್ಲಿ ಹೇಳಿದ.

"ಇದಿ ಪೆಟ್ಟಮ್ಮಾ, ಪಟ್ಟು ಲೆಕ್ಕ ಅವುತಾದಿ."

ಇದನ್ನು ಹಚ್ಚಿದರೆ ರೇಷ್ಮೆಯಾಗುತ್ತದಂತೆ. ಅವ್ವ ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದಳು. ಅವನು ಕೈ ಅಲ್ಲಾಡಿಸಿ, ಕೂದಲು ಗಟ್ಟಿ ಇದೆ, ಸ್ವಲ್ಪ ಹೆಚ್ಚೇ ಬಿಡಿ ಎಂದ. ಭಾನುವಾರ ಬಚ್ಚಲಲ್ಲಿ ಅವ್ವ ಅದನ್ನು ಬುಡದಿಂದ ತುದಿಯವರೆಗೆ ಮೆತ್ತಿದಳು. ಮೊದಲು ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು, ಆಮೇಲೆ ನಾನು ಕಿರುಚಿದೆ. ಅವ್ವ ನರ್ಸು, ಇಂಜೆಕ್ಷನ್ನಿಗೆ ಕಿರುಚುವ ಮಕ್ಕಳನ್ನು ಕಂಡವಳು. ಇನ್ನು ಐದೇ ನಿಮಿಷ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ತೊಳೆದಾಗ ನೀರಿನ ಜೊತೆ ಕಿವಿಯ ಹಿಂದಿನ ಚರ್ಮ ಬಂತು. ಅವತ್ತು ಅವ್ವ ತನ್ನ ತಲೆಯನ್ನು ಬಚ್ಚಲ ಗೋಡೆಗೆ ಮೂರು ಸಲ ಚಚ್ಚಿಕೊಂಡಳು. ನಾನು ಉರಿಯನ್ನೂ ಮರೆತು ನೋಡುತ್ತ ನಿಂತೆ. ಆ ಡಬ್ಬಿಯಂಥವು ಈಗಲೂ ಸಿಗುತ್ತವೆ. ಈಗ ನಾನೇ ಒಂದು ಪಾರ್ಲರ್ ನಡೆಸುತ್ತೇನೆ, ಅಲ್ಲಿಗೆ ಫೋನು ಮಾಡಿ ಕೇಳುವ ತಾಯಂದಿರಿದ್ದಾರೆ. ಗಂಡ ದೂರದ ದೇಶದವನು, ಮಗುವಿನ ತಲೆಗೆ ಏನು ಹಚ್ಚಲಿ ಎಂದು. ಫೋನಿನಲ್ಲೇ ಸಾವಿರ ಬಾಟಲಿ ನೋಡಿ ದಿಕ್ಕು ತೋಚದೆ ಕೇಳುತ್ತಾರೆ. ನಾನು ಹೇಳುವುದು ಇಷ್ಟೆ. ಬಹಳ ನೊರೆ ಬರುವುದು ಬೇಡ, ನೇರ ಮಾಡುತ್ತೇನೆ ಎನ್ನುವುದು ಬೇಡ, ಒಣ ಕೂದಲಿಗೆ ಹಣಿಗೆ ಬೇಡ. ಹಚ್ಚುವುದನ್ನು ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಮಗು ಉರಿಯುತ್ತದೆ ಎಂದರೆ ಉರಿಯುತ್ತದೆ, ಅಷ್ಟೆ.

ಅವತ್ತು ಕೂದಲು ಕಿತ್ತುಹೋದಲ್ಲೆಲ್ಲ ಹುಣ್ಣಾಗಿದ್ದರಿಂದ ತಲೆ ಬೋಳಿಸಬೇಕಾಯಿತು. ನನ್ನ ಕೂದಲಿಗೆ ನಾಚುತ್ತಿದ್ದ ಮಲ್ಲಪ್ಪ ಮಾವನಿಗೆ ಒಂದು ದಾರಿ ಸಿಕ್ಕಿದ್ದು ಆಗಲೇ. ನಮ್ಮ ಕಡೆ ಬೋಳುತಲೆಯ ಮಗುವನ್ನು ನೋಡಿ ಯಾರೂ ಏನೂ ಕೇಳುವುದಿಲ್ಲ. ದೇವರಿಗೆ ಮುಡಿ ಕೊಟ್ಟಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಾರೆ, ಕೆಲವರು ಬೋಳುನೆತ್ತಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಾವಿಯ ಹೆಂಗಸರು ಹಿಸುಕುವುದನ್ನು ಬಿಟ್ಟರು. ಮಾವ ನನ್ನನ್ನು ಮೊದಲ ಸಲ ಹೆಗಲ ಮೇಲೆ ಕೂರಿಸಿಕೊಂಡು ಊರಲ್ಲಿ ತಿರುಗಿದ. ಆ ಹೆಗಲು ನನಗೆ ಬಹಳ ಇಷ್ಟವಾಯಿತು, ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾದರೂ ಬರೆಯುತ್ತೇನೆ. ಕೂದಲು ಎರಡು ಬೆರಳು ಬೆಳೆದು ಸುರುಳಿ ಸುತ್ತತೊಡಗಿದ ಕೂಡಲೇ ಹೆಗಲಿನಿಂದ ಇಳಿಸಿದ. ಮತ್ತೆ ಬೋಳಿಸಿದರು, ಮತ್ತೊಂದು ದೇವರ ಹೆಸರು ಹೇಳಿದರು. ಒಂದು ವರ್ಷದಲ್ಲಿ ನನ್ನ ಮುಡಿ ಮೂರು ದೇವರಿಗೆ ಹೋಯಿತು, ನಾವು ಯಾವ ಗುಡಿಗೂ ಹೋಗಲಿಲ್ಲ.

ಮೂರನೆಯ ಸಲ ಆದದ್ದು ಅವ್ವ ಡ್ಯೂಟಿಯಲ್ಲಿದ್ದಾಗ. ಸಂಜೆ ಬಂದು ನೋಡಿದವಳು ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ಊಟಕ್ಕೆ ಎಲ್ಲರೂ ಕೂತರು. ಪುಂಡಿಪಲ್ಯ, ರೊಟ್ಟಿ, ಶೇಂಗಾ ಚಟ್ನಿ. ಮಾವನ ತಟ್ಟೆಗೆ ರೊಟ್ಟಿ ಹಾಕುವಾಗ ಅವ್ವ ಶುರುಮಾಡಿದಳು.

"ಇನ್ನೊಂದ್ಸಲ ನನ್ನ ಮಗಳ ತಲಿ ಮುಟ್ಟಿದ್ರ ನೋಡು, ಮಲ್ಲ. ಆಕಿ ಅಪ್ಪಂದು ಆಕಿ ಹತ್ರ ಇರೋದು ಅದೊಂದ ಐತಿ."

"ಆತ ಬಿಟ್ಟುಹೋದದ್ದು ಚಲೋ ಐತಿ ಬಿಡಕ್ಕ. ಹೊಲ ಇಲ್ಲ, ಮನಿ ಇಲ್ಲ, ಒಂದು ಮುಳ್ಳಿನ ಕಂಟಿ ಬಿಟ್ಟುಹೋಗ್ಯಾನ. ಊರಾಗ ನಾನು ತಲಿ ಎತ್ತಿ ತಿರುಗೋದು ಬ್ಯಾಡೇನು? ನನಗ ಹೆಣ್ಣು ಯಾರು ಕೊಡ್ತಾರ?"

ಅವ್ವ ಕೈಯಲ್ಲಿದ್ದ ಬಿಸಿ ರೊಟ್ಟಿಯನ್ನು ಅವನ ಮುಖಕ್ಕೆ ಎಸೆದಳು. ಅವನು ಎದ್ದು ಅವಳ ಕೆನ್ನೆಗೆ ಹೊಡೆದ. ತಟ್ಟೆ ಮಗುಚಿತು, ಚಟ್ನಿ ನನ್ನ ಕಣ್ಣಿಗೆ ಹಾರಿತು. ಅಜ್ಜಿ ಇಬ್ಬರ ನಡುವೆ ನುಗ್ಗಿ ಇಬ್ಬರಿಗೂ ಒಂದೊಂದು ಬಾರಿಸಿದಳು. ಕೊನೆಗೆ, ಇದಕ್ಕೆಲ್ಲ ಮೂಲ ಎಂದು ನನಗೂ ಒಂದು ಬಿತ್ತು. ತಾತ ತನ್ನ ತಟ್ಟೆಯನ್ನು ಎತ್ತಿಕೊಂಡು ಮಗ್ಗದ ಪಕ್ಕಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಊಟ ಮುಂದುವರಿಸಿದ. ತಾತ ಕೆಟ್ಟವನಲ್ಲ. ಅವನ ಕೈ ಕುರಿಗೂ ನೋವು ಮಾಡಿದ್ದು ನಾನು ಕಂಡಿಲ್ಲ. ಆದರೆ ಮನೆಯಲ್ಲಿ ಕೈ ಎತ್ತಿದವರ ಕೈ ಹಿಡಿದದ್ದನ್ನೂ ಕಂಡಿಲ್ಲ. ಅವ್ವ ಆ ವಾರವೇ ಅಪ್ಪನ ಅಕ್ಕನಿಗೆ ಒಂದು ಕಾಗದ ಬರೆದಳು. ಮದುವೆಯ ಫೋಟೋದ ಹಿಂದೆ ಬರೆದಿದ್ದ ಒಂದು ವಿಳಾಸ ಮಾತ್ರ ಅವಳ ಹತ್ತಿರವಿತ್ತು. ಆ ಅತ್ತೆ ಬದುಕಿದ್ದಾಳೋ ಇಲ್ಲವೋ, ಆ ಮನೆಯಲ್ಲೇ ಇದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ತನ್ನ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ನಿಮ್ಮ ತಮ್ಮನ ಮಗಳ ತಲೆಗೆ ಏನು ಹಚ್ಚಬೇಕು, ಆ ಹಳದಿ ಡಬ್ಬಿಯಲ್ಲಿ ಏನಿತ್ತು ತಿಳಿಸಿ ಎಂದು ಕೇಳಿದಳು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ.

ಅಷ್ಟರಲ್ಲಿ ನನಗೆ ಏಳು ತುಂಬಿತು, ಕೂದಲು ಮತ್ತೆ ಕಿವಿ ಮುಚ್ಚುವಷ್ಟು ಬೆಳೆಯಿತು, ಮದ್ದಿಕೇರದ ಕಡೆಯಿಂದ ಮಾವನಿಗೆ ಒಂದು ಸಂಬಂಧ ಬಂತು. ಹೆಣ್ಣಿನ ತಂದೆಗೆ ಇನ್ನೂರು ಕುರಿ. ಅವರು ಗುರುವಾರ ಮನೆ ನೋಡಲು ಬರುತ್ತಾರೆ ಎಂದಾಯಿತು. ಮಾವ ಗೋಡೆಗೆ ಸುಣ್ಣ ಹೊಡೆದ, ದೊಡ್ಡಿ ತೊಳೆದ, ಆಮೇಲೆ ನನ್ನ ತಲೆಯನ್ನು ನೋಡಿದ. ಅವ್ವ ಅವನ ಕಣ್ಣು ಹೋದ ಕಡೆ ನೋಡಿ, ಬಿಲ್ಕುಲ್ ಆಗೋದಿಲ್ಲ ಎಂದಳು. ಬೇಕಾದರೆ ಅವತ್ತು ನನ್ನ ಮಗಳನ್ನು ಕೋಣೆಯಲ್ಲಿ ಕೂರಿಸುತ್ತೇನೆ, ಬೋಳಿಸಗೊಡುವುದಿಲ್ಲ ಎಂದೂ ಹೇಳಿದಳು. ಗುರುವಾರ ಬೆಳಗ್ಗೆ, ಮಧ್ಯಾಹ್ನದ ಹೊತ್ತಿಗೆ ರಜೆ ಹಾಕಿ ಬರುವುದಾಗಿ ಹೇಳಿ, ಅಜ್ಜಿಯ ಕೈಗೆ ನನ್ನನ್ನು ಒಪ್ಪಿಸಿ ಗಾಡಿಗೆ ಹೋದಳು.

ಅಜ್ಜಿ ಅವತ್ತು ಹೊಡೆಯಬೇಕೆಂದು ಕೂತಿರಲಿಲ್ಲ. ನಿಜವಾಗಿಯೂ ನನ್ನನ್ನು ಉಳಿಸಬೇಕೆಂದೇ ಕೂತಿದ್ದಳು. ಮಗನ ಸಂಬಂಧವೂ ಕೆಡಬಾರದು, ಮಗಳ ಮಾತೂ ಮೀರಬಾರದು, ಅದಕ್ಕೆ ಕೂದಲನ್ನು ಹೇಗಾದರೂ ಮಲಗಿಸಬೇಕು. ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ. ಕಂಬಳಿ ನೇಯುವ ಮೊದಲು ಉಣ್ಣೆಯ ನೂಲಿನ ರೋಮ ಎದ್ದು ನಿಲ್ಲದಿರಲಿ ಎಂದು ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ, ಗಂಜಿ ಮಾಡಿ ನೂಲಿಗೆ ತೀಡುತ್ತಾರೆ. ಒಣಗಿದ ಮೇಲೆ ನೂಲು ತಂತಿಯಂತೆ ನೇರ ನಿಲ್ಲುತ್ತದೆ. ನಲವತ್ತು ವರ್ಷದಿಂದ ಅಜ್ಜಿ ಮಾಡಿಕೊಂಡು ಬಂದ ಕೆಲಸ ಅದು.

"ಇದೂ ಉಣ್ಣಿನ ಅಲ್ಲೇನ? ಉಣ್ಣಿಗೆ ಆಗೋದು ಇದಕ್ಕ್ಯಾಕ ಆಗೋದಿಲ್ಲ? ಕುಂದ್ರು ಇಲ್ಲಿ, ನೀಲಿ. ಅಲ್ಲಾಡಿದ್ರ ಕಾಲು ಮುರೀತೀನಿ."

ಬೆಳಗ್ಗೆಯೇ ಒಲೆಯ ಮೇಲಿನಿಂದ ಇಳಿಸಿದ ಗಂಜಿಯನ್ನು ನೂಲಿಗೆ ತೀಡುವ ದೊಡ್ಡ ಕುಂಚದಿಂದಲೇ ನನ್ನ ತಲೆಗೆ ತೀಡಿದಳು. ಹಣೆಯಿಂದ ಕುತ್ತಿಗೆಯವರೆಗೆ ಎಳೆದೆಳೆದು ಕೂರಿಸಿದಳು. ಮೊದಲ ಅರ್ಧ ತಾಸು ಬಹಳ ಚಂದ ಕಂಡಿತು ಎಂದು ಹೇಳಲೇಬೇಕು. ಅಜ್ಜಿ ಕನ್ನಡಿ ತಂದು ತೋರಿಸಿದಳು, ನನ್ನ ಕೂದಲು ಪಳಪಳ ಹೊಳೆಯುತ್ತ ತಲೆಗೆ ಅಂಟಿ ಮಲಗಿತ್ತು. ನಾನು ನಕ್ಕೆ. ಅಜ್ಜಿಯೂ ನಕ್ಕಳು, ನೋಡು ಹೆಂಗ ದಾರಿಗೆ ಬಂತು ಎಂದಳು. ಆಮೇಲೆ ಬಿಸಿಲೇರಿತು. ಗಂಜಿ ಒಣಗಿತು. ಒಣಗುತ್ತ ಬಿಗಿಯಿತು. ನನ್ನ ಹುಬ್ಬುಗಳು ಮೇಲಕ್ಕೆ ಎಳೆದುಕೊಂಡವು, ತಲೆಯ ಚರ್ಮವೆಲ್ಲ ಯಾರೋ ಹಿಡಿಯಲ್ಲಿ ಹಿಡಿದು ಹಿಂಡಿದಂತಾಯಿತು. ನೂಲನ್ನು ಮಗ್ಗಕ್ಕೆ ಕಟ್ಟಿ ಎಳೆದಿರುತ್ತಾರೆ, ಅದಕ್ಕೆ ನೇರ ನಿಲ್ಲುತ್ತದೆ. ನನ್ನ ಕೂದಲನ್ನು ಎಳೆದು ಕಟ್ಟುವವರು ಯಾರು? ಅದು ಒಣಗುವಾಗಲೇ ಅಲ್ಲಲ್ಲಿ ಸುರುಳಿ ಸುತ್ತಿ, ಸುತ್ತಿದ ಹಾಗೆಯೇ ಗಟ್ಟಿಯಾಯಿತು. ಅಜ್ಜಿ ಗಾಬರಿಯಿಂದ ಹಣಿಗೆ ಹಾಕಿದಳು. ಹಣಿಗೆ ಇಳಿಯಲಿಲ್ಲ. ಒತ್ತಿದಳು. ಒಂದು ಗೊಂಚಲು ಕೂದಲು ಬುಡದಲ್ಲೇ ಲಟಕ್ಕೆಂದು ಮುರಿದು ಅವಳ ಕೈಗೆ ಬಂತು. ನಾನು ಕೂಗಿದ ಕೂಗಿಗೆ ದೊಡ್ಡಿಯ ಕುರಿಗಳೆಲ್ಲ ಎದ್ದು ನಿಂತವು.

ಮಾವ ಆಗ ಹೊಸ ಅಂಗಿ ಹಾಕಿಕೊಂಡು ಹೊರಬಂದ. ನೋಡಿದ.

"ಏನವ್ವ ಇದು? ಅವರು ಆಸ್ಪರಿ ಬಸ್‌ ಇಳಿದು ಅರ್ಧ ದಾರಿ ಬಂದಾರಂತ! ಈಗ ಇದನ್ನ ನೋಡಿದ್ರ ಏನಂತಾರ?"

"ಬಿಸಿನೀರಾಗ ನೆನೆಸಿದ್ರ ಬಿಡ್ತದೋ, ತಡಿ ಒಂದೀಟು."

"ತಡಿಯಾಕ ಟೈಮ್ ಎಲ್ಲೈತಿ? ಹಿಡಿ ಆಕೀನ."

ಗೂಟಕ್ಕೆ ತೂಗುಹಾಕಿದ್ದ ಕುರಿ ಕತ್ತರಿಯನ್ನು ತೆಗೆದುಕೊಂಡ. ನಾನು ಓಡಿದೆ. ಅಂಗಳದ ಬಾಗಿಲಲ್ಲಿ ಸಿಕ್ಕಿಬಿದ್ದೆ. ಅವನ ಮೊಣಕೈಗೆ ಕಚ್ಚಿದೆ, ಅವನು ನನ್ನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮೊಣಕಾಲೂರಿದ. ಬಾಯಿಗೆ ಹಿಕ್ಕೆಯ ಮಣ್ಣು ಬಂತು. ನಾನು ಕಾಲು ಝಾಡಿಸುತ್ತಿದ್ದೆ, ಆಗ ಎರಡು ಕೈ ಬಂದು ನನ್ನ ಎರಡೂ ಪಾದಗಳನ್ನು ಒಟ್ಟಿಗೆ ಸೇರಿಸಿ ಬಿಗಿಯಾಗಿ ಹಿಡಿದವು. ಉಣ್ಣೆ ಕತ್ತರಿಸುವಾಗ ಕುರಿಯ ಕಾಲು ಹೀಗೆಯೇ ಹಿಡಿಯಬೇಕು. ಆ ಕೈ ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ. ಅಲ್ಲಾಡಬ್ಯಾಡ ನನ್ನವ್ವಾ, ಕತ್ತರಿ ತಾಕ್ತೈತಿ ಎಂದು ಅಜ್ಜಿ ಅಳುತ್ತ ಹೇಳುತ್ತಿದ್ದಳು, ಅಳುತ್ತಲೇ ಹಿಡಿದಿದ್ದಳು. ಮಾವ ಕತ್ತರಿಸಿದ. ಗಂಜಿ ಹಿಡಿದ ಕೂದಲು ಒಣ ಕಡ್ಡಿ ಮುರಿದ ಹಾಗೆ ಶಬ್ದ ಮಾಡುತ್ತಿತ್ತು. ನಾನು ಅಲ್ಲಾಡಿದೆ. ಎಡಗಿವಿಯ ಮೇಲಂಚು ಕೂದಲಿನ ಜೊತೆ ಹೋಯಿತು. ಮೊದಲು ನೋವಾಗಲಿಲ್ಲ, ಕುತ್ತಿಗೆಗೆ ಬೆಚ್ಚಗೆ ಏನೋ ಹರಿದ ಹಾಗಾಯಿತು ಅಷ್ಟೆ. ತಾತ ಮಗ್ಗದ ಹತ್ತಿರವೇ ನಿಂತಿದ್ದ. ನೆಲದಲ್ಲಿ ಮಲಗಿದ್ದ ನನಗೆ ಅವನ ಪಾದಗಳು ಕಾಣುತ್ತಿದ್ದವು. ಆ ಪಾದಗಳು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಕಿವಿಯ ಆ ತುಂಡು ಇಂದಿಗೂ ಇಲ್ಲ. ಪಾರ್ಲರಿನ ಹುಡುಗಿಯರು ಕೇಳಿದರೆ ನಾಯಿ ಕಚ್ಚಿತ್ತು ಎನ್ನುತ್ತೇನೆ.

ಮದ್ದಿಕೇರದವರು ಬಂದಾಗ, ಮಗುವನ್ನು ಬಚ್ಚಿಟ್ಟಿದ್ದಾರೆ ಎನ್ನಬಾರದೆಂದು, ನನ್ನ ತಲೆಗೆ ಅರಿಶಿನ ಮೆತ್ತಿ ಬಿಳಿ ಪಂಚೆ ಸುತ್ತಿ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಹೆಣ್ಣಿನ ತಂದೆ, ಅವನ ತಂಗಿ, ಇನ್ನಿಬ್ಬರು. ಮಂಡಕ್ಕಿ ಒಗ್ಗಾಣಿ, ಮಿರ್ಚಿ ತಟ್ಟೆಗಳು ಬಂದವು. ಯಾರೂ ಕೇಳುವ ಮೊದಲೇ ಮಾವ ಹೇಳಿದ, ನಮ್ಮಕ್ಕನ ಮಗಳ್ರಿ, ನಿನ್ನೆ ದೇವರಿಗೆ ಮುಡಿ ಕೊಟ್ಟೀವಿ. ಹೆಣ್ಣಿನ ತಂದೆ ಒಗ್ಗಾಣಿ ತಿನ್ನುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಬಿಳಿ ಪಂಚೆಯ ಎಡಭಾಗ ಕೆಂಪಾಗುತ್ತ ಬಂದಿತ್ತು. ಅವನು ಎದ್ದು ಬಂದು ಪಂಚೆಯ ಅಂಚು ಎತ್ತಿದ. ಸಾವಿರ ಕುರಿಯ ಉಣ್ಣೆ ಕತ್ತರಿಸಿದ ಕಣ್ಣು ಅವನದು, ಕ್ಷೌರದ ಕತ್ತಿಯ ಕೆಲಸ ಯಾವುದು ಕತ್ತರಿಯ ಕೆಲಸ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮುಡಿ ಕೊಡೋರು ಕಿವಿ ಸಮೇತ ಕೊಡ್ತಾರೇನ್ರಿ? ಇದು ಕುರಿ ಕತ್ತರಿ ಆಡ್ಸಿದ್ದು. ಕೂಸಿನ ಮ್ಯಾಲೆ ಕತ್ತರಿ ಆಡ್ಸೋ ಮನಿಗೆ ನನ್ನ ಮಗಳನ್ನ ಹೆಂಗ ಕಳಿಸಲಿ?"

ಅವನ ಮಾತು ಮುಗಿಯುವ ಮೊದಲೇ ಅವ್ವ ಬಂದಳು. ಡ್ಯೂಟಿಯ ಬಿಳಿ ಸೀರೆಯಲ್ಲೇ, ಸ್ಟೇಷನ್ನಿನಿಂದ ನಡೆದು ಬೆವೆತು. ಅಂಗಳದ ಮೂಲೆಗೆ ಸರಿಸಿದ್ದ ಕೂದಲನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆಗೆ ಆನಿಸಿದ್ದ ಕತ್ತರಿಯನ್ನು ನೋಡಿದಳು. ಮಗ್ಗದಲ್ಲಿ ನೂಲು ಬಡಿಯುವ ಮರದ ಪಟ್ಟಿ ಇತ್ತು, ತೋಳುದ್ದದ್ದು, ಗಟ್ಟಿ ಮರದ್ದು. ಅದನ್ನು ಎಳೆದುಕೊಂಡು ನೇರ ಮಾವನ ಮುಂದೆ ಹೋದಳು. ಅವನು ತಡೆಯಲು ಬಲಗೈ ಎತ್ತಿದ. ಆ ಕೈಯ ಮೇಲೇ ಹೊಡೆದಳು. ಮೂಳೆಯ ಶಬ್ದ ನನಗೆ ಕೇಳಿಸಿತು. ಎರಡನೆಯದು ಭುಜಕ್ಕೆ, ಮೂರನೆಯದು ಅವನು ಬಿದ್ದ ಮೇಲೆ ಬೆನ್ನಿಗೆ. ಅಜ್ಜಿ ಅಡ್ಡ ಬಂದಳು, ಅವ್ವ ಅವಳನ್ನು ನೂಕಿದಳು, ಅಜ್ಜಿ ಒಗ್ಗಾಣಿಯ ಪಾತ್ರೆಯ ಮೇಲೆ ಬಿದ್ದಳು. ಬಂದವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಟರು. ನಾನು ಕಂಬಕ್ಕೆ ಒರಗಿ ಎಲ್ಲವನ್ನೂ ನೋಡಿದೆ, ನನಗೆ ಭಯವಾಗಲಿಲ್ಲ. ಇನ್ನೊಂದು ಹೊಡಿ ಎನಿಸಿತು. ಆ ಆಸೆ ನನ್ನೊಳಗೆ ಈಗಲೂ ಇದೆ, ಕೆಲವು ಸಲ ನನ್ನ ಕೈ ತನಗೆ ತಾನೇ ಮುಷ್ಟಿ ಕಟ್ಟುತ್ತದೆ.

ಆಮೇಲೆ ಅವ್ವ ಪಟ್ಟಿ ಎಸೆದು ತನ್ನ ಚೀಲ ತೆರೆದಳು. ಮೊದಲು ನನ್ನ ಕಿವಿ ತೊಳೆದು ಹೊಲಿದಳು. ಅದು ಮುಗಿದ ಮೇಲೆ ಮಾವನ ಹತ್ತಿರ ಕೂತು, ಎರಡು ಬಿದಿರ ಸೀಳು ತರಿಸಿ, ಅವನ ಮುರಿದ ಮಣಿಕಟ್ಟನ್ನು ನೇರ ಮಾಡಿ ಕಟ್ಟಿದಳು. ಬೇಕಾದ್ದಕ್ಕಿಂತ ಒಂದು ಎಳೆತ ಹೆಚ್ಚಾಗಿಯೇ ಎಳೆದಳು ಎಂದು ನನ್ನ ಅನುಮಾನ. ಅವನು ಅಳುತ್ತಿದ್ದ. ನಾಳೆ ಆದೋನಿಗೆ ಬಂದು ಎಲುಬಿನ ಫೋಟೋ ತೆಗೆಸು, ಇಲ್ಲಂದ್ರ ಕೈ ಸೊಟ್ಟ ಆಗ್ತೈತಿ ಎಂದಷ್ಟೇ ಹೇಳಿದಳು. ಸಂಜೆಯ ಗಾಡಿಗೆ ನಾವಿಬ್ಬರೂ ಹೊರಟೆವು. ಒಂದು ಟ್ರಂಕು, ಒಂದು ಕಂಬಳಿ, ಅಪ್ಪನ ಫೋಟೋ.

ಆದೋನಿಯ ಕೋಣೆಗೆ ಬಂದ ಮೇಲೆ ಏಟು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದೇ ಕೋಣೆ, ಮೂಲೆಯಲ್ಲಿ ಸ್ಟೋವು, ಹತ್ತಿ ಮಿಲ್ಲಿನ ಧೂಳು ಕಿಟಕಿಯಿಂದ ಒಳಗೆ. ಕೂದಲು ಮತ್ತೆ ಬೆಳೆಯಿತು. ಅವ್ವನಿಗೆ ಆಗಲೂ ಏನೂ ಗೊತ್ತಿರಲಿಲ್ಲ. ಡ್ಯೂಟಿಯ ಅವಸರದಲ್ಲಿ, ಶಾಲೆಯ ಬೆಲ್ಲಿನ ಅವಸರದಲ್ಲಿ, ಒಣ ಕೂದಲಿಗೆ ಅದೇ ಸಣ್ಣ ಹಣಿಗೆ. ಒಂದು ಬೆಳಗ್ಗೆ ಗಂಟು ಬಿಡಲಿಲ್ಲ, ನಾನು ತಲೆ ಜಗ್ಗಿದೆ, ಅವ್ವ ನನ್ನ ನೆತ್ತಿಗೆ ಹಣಿಗೆಯ ಬೆನ್ನಿನಿಂದ ಹೊಡೆದಳು. ಒಂದಲ್ಲ, ಕೈ ಸೋಲುವವರೆಗೆ. ನಿನ್ನ ಸಲುವಾಗಿ ತಮ್ಮನ ಕೈ ಮುರಿದೆ, ಒಂದೀಟು ಸುಮ್ಮನೆ ಕುಂದ್ರಾಕ ಆಗೋದಿಲ್ಲೇನು ನಿನಗ ಎಂದು ಕಿರುಚಿದಳು. ನಾನು ಅವಳ ಹೆಬ್ಬೆರಳ ಬುಡಕ್ಕೆ ರಕ್ತ ಬರುವಂತೆ ಕಚ್ಚಿದೆ. ಇಬ್ಬರೂ ಏದುಸಿರು ಬಿಡುತ್ತ ಎದುರುಬದುರು ನಿಂತೆವು. ಆಮೇಲೆ ಅವಳು ಹಣಿಗೆಯನ್ನು ಕಿಟಕಿಯಿಂದ ಹೊರಗೆ ಎಸೆದು ಡ್ಯೂಟಿಗೆ ಹೋದಳು. ಒಂದು ವಾರ ನನ್ನ ತಲೆಯನ್ನು ಯಾರೂ ಬಾಚಲಿಲ್ಲ.

ಆ ವಾರದ ಕೊನೆಗೆ ತಾತ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಬಟ್ಟೆಯ ಗಂಟು, ಅಂಗಿಯ ಜೇಬಿನಲ್ಲಿ ವಿದೇಶದ ಅಂಚೆಚೀಟಿಯ ಒಂದು ಲಕೋಟೆ. ಹೊಸ್ತಿಲ ಹೊರಗೇ ಕೂತ. ಅವ್ವ ಒಳಗೆ ಬಾ ಎನ್ನಲಿಲ್ಲ. ಅವನು ಮೊದಲು ಗಂಟು ಬಿಚ್ಚಿದ. ಒಳಗೆ ನನ್ನ ಕೂದಲಿತ್ತು. ಅಂಗಳದಲ್ಲಿ ಬಿದ್ದಿದ್ದನ್ನು ಒಂದೊಂದೇ ಆರಿಸಿ, ಹಿಕ್ಕೆ ಮಣ್ಣು ಬಿಡಿಸಿ, ಗಂಜಿ ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿದ್ದನಂತೆ. ಅದು ಮೆತ್ತಗೆ, ಹಗುರವಾಗಿ, ಸುರುಳಿ ಸುರುಳಿಯಾಗಿ ಬಟ್ಟೆಯಲ್ಲಿ ಕೂತಿತ್ತು.

"ಕುರಿ ತುಳೀಬಾರದಂತ ಆರಿಸಿಟ್ಟೆ, ಮಾಳವ್ವಾ," ಎಂದು ಅವ್ವನಿಗೆ ಹೇಳಿದ.

ಅವ್ವ ಅದನ್ನು ನೋಡಿದಳು. ಅವಳ ದನಿ ಏರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ಕೂದಲಾ ಆರಿಸಾಕ ನಿನ್ನ ಕೈ ಬಂತಲ್ಲಪ್ಪ. ಅವನ ಕೈ ಹಿಡಿಯಾಕ ಯಾಕ ಬರಲಿಲ್ಲ?"

ಆ ಪ್ರಶ್ನೆಗೆ ತಾತ ಸಾಯುವವರೆಗೂ ಉತ್ತರ ಕೊಡಲಿಲ್ಲ, ಅವ್ವ ಮತ್ತೆ ಕೇಳಲೂ ಇಲ್ಲ. ಲಕೋಟೆಯನ್ನು ಹೊಸ್ತಿಲ ಮೇಲಿಟ್ಟ. ಅವ್ವ ಒಡೆದು ಓದಿದಳು, ಓದುತ್ತ ಕೂತುಬಿಟ್ಟಳು. ತಮ್ಮನಿಗಾಗಿ ಅತ್ತದ್ದು, ಅಂಚೆ ಸುತ್ತಿ ಬಂದದ್ದು ಎಲ್ಲ ಬರೆದ ಮೇಲೆ ಅತ್ತೆ ನನ್ನ ತಲೆಯ ವಿಷಯಕ್ಕೆ ಬಂದಿದ್ದಳು. ಅವ್ವ ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತ ಹೋದಳು, ತಾತನಿಗೋ ನನಗೋ ತನಗೋ ಗೊತ್ತಿಲ್ಲ. ವಾರಕ್ಕೊಮ್ಮೆಗಿಂತ ಹೆಚ್ಚು ತೊಳೆಯಬೇಡ. ಒಣಗಿದ್ದಾಗ ಬಾಚಬೇಡ. ನೆನೆಸಿ, ಬೆರಳಿನಿಂದ ತುದಿಯ ಕಡೆಯಿಂದ ಬಿಡಿಸುತ್ತ ಬಾ. ಹಸಿ ಇರುವಾಗಲೇ ಎಣ್ಣೆ ಹಚ್ಚು. ಹಳದಿ ಡಬ್ಬಿಯದು ಒಂದು ಮರದ ಕಾಯಿಯ ಬೆಣ್ಣೆ, ನಿಮ್ಮಲ್ಲಿ ಸಿಗದಿದ್ದರೆ ಎಳ್ಳೆಣ್ಣೆಯೋ ಹರಳೆಣ್ಣೆಯೋ ಸಾಕು. ಅಂಗಡಿಯವನು ಕೊಟ್ಟದ್ದನ್ನು ನಂಬಬೇಡ. ಎಲ್ಲಕ್ಕಿಂತ ಮೊದಲು, ಕೈ ಹಾಕುವ ಮುಂಚೆ ಮಗುವನ್ನು ಕೇಳು. ನಮ್ಮಮ್ಮ ನಮ್ಮನ್ನು ಕೇಳುತ್ತಿದ್ದಳು.

ಕೊನೆಯ ಸಾಲನ್ನು ಅವ್ವ ಎರಡು ಸಲ ಓದಿದಳು, ಆಮೇಲೆ ಕಾಗದ ಮಡಚಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಾತ ತನ್ನ ಎರಡು ಅಂಗೈಗಳನ್ನು ನೋಡಿಕೊಂಡ. ಒರಟು ಕೈ, ಉಣ್ಣೆಯ ಎಣ್ಣೆಯಿಂದ ಹೊಳೆಯುವ ಕೈ. ಆಮೇಲೆ ಒಂದು ಕೈಯನ್ನು ನನ್ನ ಕಡೆ ಅರ್ಧದವರೆಗೆ ಚಾಚಿ ನಿಲ್ಲಿಸಿದ.

"ನಿನ್ನ ತಲಿ ಮುಟ್ಟಲೇನವ್ವಾ?"

ನನಗೆ ಏಳು ವರ್ಷ. ಅಲ್ಲಿಯವರೆಗೆ ಬಾವಿಯ ಹೆಂಗಸರು, ಅಂಗಡಿಯವನು, ಅಜ್ಜಿ, ಮಾವ, ಅವ್ವ, ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೇಳಬಹುದಾದ ಉತ್ತರ ಎರಡಿವೆ ಎಂಬುದೇ ಗೊತ್ತಿರಲಿಲ್ಲ. ತಾತ ಹೂಂ ಎನ್ನುವುದನ್ನು ಕಾಯುತ್ತಿದ್ದಾನೆ ಎಂದು ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಮುದುಕ, ಅಷ್ಟು ದೂರ ಬಂದವನು. ನಾನು ಅವನ ಪಾದಗಳನ್ನು ನೋಡಿದೆ.

"ಬ್ಯಾಡ," ಎಂದೆ.

ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ತಾತನ ಕೈ ಅವನ ಮಡಿಲಿಗೆ ವಾಪಸು ಹೋಗಿತ್ತು.